ಮಲೆನಾಡಿನ ಅರಿವನ್ನು ಕೃತಕ ಬುದ್ಧಿಮತ್ತೆಗೆ ಕಲಿಸಬೇಕೆ?

ಪರ: ಬರೆದಿಡದ ಅರಿವಿಗೆ ಕಾವಲಿಲ್ಲ

ಅಡಿಕೆಯ ಕೊಳೆರೋಗಕ್ಕೆ ಮದ್ದೇನೆಂದು ಮೊಬೈಲ್‌ನಲ್ಲಿ ಕೇಳಿದರೆ ಶೇ 1ರ ಬೋರ್ಡೋ ದ್ರಾವಣ ಸಿಂಪಡಿಸಿ ಎಂಬ ಉತ್ತರ ಬರುತ್ತದೆ. ತಪ್ಪಿಲ್ಲ. ಆದರೆ ಪುನರ್ವಸು ಮಳೆ ಹಿಡಿದು ವಾರಗಟ್ಟಲೆ ಹೊಳವಾಗದಿದ್ದಾಗ ಮರ ಹತ್ತುವವರು ಯಾರು? ಅಂಥ ಹೊತ್ತಿಗೆಂದೇ ಹಿರಿಯರು ಗೊನೆಗಳಿಗೆ ಮುಂಚಿತವಾಗಿ ಕೊಟ್ಟೆ (ಮಳೆ ತಡೆಯುವ ಹೊದಿಕೆ) ಕಟ್ಟುತ್ತಿದ್ದರು. ತೋಟದ ಯಾವ ಮಗ್ಗುಲಲ್ಲಿ ಗಾಳಿ ಆಡುವುದಿಲ್ಲ, ಕೊಳೆ ಮೊದಲು ಎಲ್ಲಿ ಕಾಣಿಸುತ್ತದೆ ಎಂಬುದು ಮರ ಹತ್ತಿ ಅಡಿಕೆ ಗೊನೆ ಇಳಿಸುವ ಸಾಗರದ ಕೊನೆಗೌಡರಿಗೆ ಗೊತ್ತು, ಯಂತ್ರಕ್ಕೆ ಯಾರೂ ಹೇಳಿಲ್ಲ.

ಮಂಗನ ಕಾಯಿಲೆಯನ್ನೇ ನೋಡಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಪತ್ತೆಯಾದ ರೋಗ. ಕಾಡಿನಲ್ಲಿ ಸತ್ತುಬಿದ್ದ ಮಂಗ ಇಂದಿಗೂ ಅದರ ಮುಖ್ಯ ಮುನ್ಸೂಚನೆ. ಅದನ್ನು ಕಾಣುವವರು ದರಗು (ತರಗೆಲೆ) ಗುಡಿಸಲು, ಸೌದೆ ತರಲು ಹೋದವರು. ಅವರ ಮಾತು ಸೇರದ ಲೆಕ್ಕಾಚಾರ ಎಷ್ಟೇ ಬುದ್ಧಿಯದಾದರೂ ಅರೆಗುರುಡು.

ಕದಿಯುತ್ತಾರೆಂಬ ಭಯವೇ? ಅರಿಸಿನದಿಂದ ಗಾಯ ಮಾಯಿಸುವುದಕ್ಕೆ 1995ರಲ್ಲಿ ಅಮೆರಿಕ ಕೊಟ್ಟಿದ್ದ ಪೇಟೆಂಟ್ 1997ರಲ್ಲಿ ರದ್ದಾದದ್ದು ನಮ್ಮಲ್ಲಿ ಹಳೆಯ ಲಿಖಿತ ದಾಖಲೆಗಳಿದ್ದುದರಿಂದ. ನಾಟಿ ವೈದ್ಯರ ನಾಲಿಗೆಯ ಮೇಲಷ್ಟೇ ಇರುವುದಕ್ಕೆ ಎಲ್ಲಿಂದ ಸಾಕ್ಷಿ ತರುವುದು? ಮಕ್ಕಳೆಲ್ಲ ಬೆಂಗಳೂರು ಸೇರಿದ್ದಾರೆ. ಕೇಳಿಸಿಕೊಳ್ಳಲು ಯಂತ್ರವಾದರೂ ಇರಲಿ.

ವಿರೋಧ: ಹೆಸರು ಹೊರಬಿದ್ದರೆ ಲಾರಿ ಬರುತ್ತದೆ

ಅರಿಸಿನದ ಪೇಟೆಂಟನ್ನು ಬೀಳಿಸಿದ್ದು ಕಾಗದ. ಗ್ರಾಮ ಪಂಚಾಯಿತಿಯ ಜೀವವೈವಿಧ್ಯ ದಾಖಲಾತಿಯೂ ಕಾಗದವೇ. ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಬಹುದು, ಯಾರು ನೋಡಿದರೆಂದು ಬರೆದುಕೊಳ್ಳಬಹುದು. ಯಂತ್ರದ ಮಾದರಿಯೊಳಗೆ ಒಮ್ಮೆ ಕರಗಿದ ಮಾತನ್ನು, ಹೇಳಿದವರೇ ಬಂದು ಬೇಡವೆಂದರೂ, ಹೆಕ್ಕಿ ತೆಗೆಯುವುದು ಬಹಳ ಕಷ್ಟ.

ನಮ್ಮ ಘಟ್ಟದ ದುರ್ವಾಸನೆ ಮರಕ್ಕೆ ಆದದ್ದೇನು? ಕ್ಯಾನ್ಸರ್ ಔಷಧಕ್ಕೆ ಬೇಕಾದ ಕ್ಯಾಂಪ್ಟೊಥೆಸಿನ್ ಅದರಲ್ಲಿದೆ ಎಂದು ಪೇಟೆಗೆ ಗೊತ್ತಾದದ್ದೇ ತಡ, ಕಾಡುಕಾಡೇ ಜಾಲಾಡಿ ಕಡಿದು ಸಾಗಿಸಿದರು. ಒಳ್ಳೆಯ ಅಪ್ಪೆಮಿಡಿ ಮರ ಹೊಳೆಯ ಯಾವ ತಿರುವಿನಲ್ಲಿದೆ ಎಂಬುದನ್ನು ಕೆಲವು ಮನೆಯವರು ನೆಂಟರಿಗೂ ಹೇಳುವುದಿಲ್ಲ. ಇದನ್ನು ಜಿಪುಣತನ ಎನ್ನುವವರು, ಮಿಡಿಯ ಆಸೆಗೆ ಟೊಂಗೆಯನ್ನೇ ಕಡಿಸಿಕೊಂಡು ಬೋಳಾಗಿ ನಿಂತ ಮರಗಳನ್ನು ನೋಡಿ ಬರಲಿ.

ಮದ್ದಿನ ವಿಷಯ ಇನ್ನೂ ಸೂಕ್ಷ್ಮ. ಕಾಸರಕದ ಬೀಜ ವಿಷ. ಶುದ್ಧಿ ಮಾಡಲು, ಅಳೆದು ಕೊಡಲು ಬಲ್ಲವರ ಕೈಯಲ್ಲಿ ಮಾತ್ರ ಔಷಧ. ಹತ್ತು ಮನೆಯ ಪಾಠಗಳನ್ನು ಕಲಸಿ ಸರಾಗವಾಗಿ ಮಾತು ಹೊಸೆಯುವ ಯಂತ್ರ ಶುದ್ಧಿಯ ಒಂದು ಹಂತ ಬಿಟ್ಟಿತೆಂದರೆ, ನಾಡಿ ಹಿಡಿದು ತಡೆಯಲು ರೋಗಿಯ ಎದುರು ಯಾರೂ ಕುಳಿತಿರುವುದಿಲ್ಲ.

ಇನ್ನು ಪಾಲಿನ ಮಾತು. 2002ರ ಜೀವವೈವಿಧ್ಯ ಕಾಯ್ದೆ ಲಾಭ ಹಂಚಬೇಕೆಂದಿತು. 2023ರ ತಿದ್ದುಪಡಿ, ಗ್ರಂಥಸ್ಥ ಸಾಂಪ್ರದಾಯಿಕ ಜ್ಞಾನವನ್ನು ಬಳಸುವವರಿಗೆ ವಿನಾಯಿತಿ ಕೊಟ್ಟಿತು. ಸಾವಿರ ಬಾಯಿಯ ಮಾತು ಬೆರೆತ ಉತ್ತರದಲ್ಲಿ ನಮ್ಮ ಮಲೆನಾಡಿನ ಬುಡಕಟ್ಟಾದ ಹಸಲರ ಹಿರಿಯರೊಬ್ಬರ ಪಾಲೆಷ್ಟೆಂದು ಅಳೆಯುವವರು ಯಾರು?

ಮಂಗ ಸತ್ತ ಸುದ್ದಿಯನ್ನು ಇವತ್ತೇ ಕೊಡೋಣ, ಅದಕ್ಕೆ ನನ್ನ ತಕರಾರಿಲ್ಲ. ಉಳಿದದ್ದಕ್ಕೆ ನ್ಯೂಜಿಲೆಂಡಿನ ಮಾವೊರಿ ಸಂಸ್ಥೆ ತೆ ಹಿಕು ಮೀಡಿಯಾದ ದಾರಿ ಇದೆ: ಅವರು ತಮ್ಮ ಧ್ವನಿಸಂಗ್ರಹವನ್ನು ದೊಡ್ಡ ಕಂಪನಿಗಳಿಗೆ ಒಪ್ಪಿಸದೆ, ತಮ್ಮ ಭಾಷೆಯ ಮಾತು ಗುರುತಿಸುವ ತಂತ್ರಾಂಶವನ್ನು ತಾವೇ ಕಟ್ಟಿಕೊಂಡರು. ಇಲ್ಲಿಯೂ ಸರ್ವರ್ ಶಿವಮೊಗ್ಗದಲ್ಲಿ, ಕೀಲಿ ಗ್ರಾಮಸಭೆಯ ಕೈಯಲ್ಲಿ ಎಂದಾದರೆ ಮಾತಿಗೆ ಕೂರೋಣ.