ಬರೀ ಉಳುಕು

"ಎಲುಬು ಮುರಿದಿಲ್ರೀ, ಬರೀ ಉಳುಕು." ಎಕ್ಸ್‌ರೇ ನೋಡಿ ಡಾಕ್ಟರು ಹೀಗಂದಿದ್ದೇ ತಡ, ಮನೆಯಲ್ಲಿ ನನ್ನ ಕಿಮ್ಮತ್ತು ಇಳಿಯಿತು. ಹೋಳಿ ಹೋಯಿತು, ಶರಣಬಸವೇಶ್ವರ ಅಪ್ಪನ ಜಾತ್ರೆಯ ತೇರೂ ಎಳೆದಾಯಿತು. ಪಾದ ಮಾತ್ರ ಸಂಜೆಯಾದರೆ ಈಗಲೂ ಊದುತ್ತದೆ. "ಇನ್ನೂ ಅದೇನಾ?" ಅಂತ ಕೇಳುತ್ತಾರೆ, ನಾನು ನಾಟಕ ಮಾಡುತ್ತಿರುವ ಹಾಗೆ. ಪ್ಲಾಸ್ಟರ್ ಇದ್ದಿದ್ದರೆ ಬಸ್ಸಿನಲ್ಲಿ ಸೀಟಾದರೂ ಸಿಗುತ್ತಿತ್ತು. ಕ್ರೇಪ್ ಬ್ಯಾಂಡೇಜಿಗೆ ಯಾರು ಏಳುತ್ತಾರೆ?

ಆಗಿದ್ದಿಷ್ಟೇ. ಗಟಾರದ ಮೇಲೆ ಹಾಸಿದ್ದ ಫರಸಿ ಕಲ್ಲು ಅಲುಗಿತು, ಪಾದ ಒಳಕ್ಕೆ ಹೊರಳಿತು. ಶಹಾಬಾದಿನ ಕಲ್ಲು ಎಲ್ಲೆಲ್ಲಿಗೋ ಲಾರಿ ಹತ್ತಿ ಹೋಗುತ್ತದೆ. ಇಲ್ಲೇ ಪಕ್ಕದ ಕಲಬುರಗಿಯಲ್ಲಿ ಒಂದನ್ನು ನೆಟ್ಟಗೆ ಕೂರಿಸುವವರಿಲ್ಲ.

ನಮ್ಮ ಓಣಿಯ ಕೊನೆ ಮನೆಯ ಆಯಿ ಕಾಲು ಮುಂದಾಗಿ ಹುಟ್ಟಿದವರು. ಅಂಥವರು ಪಾದ ತಾಗಿಸಿದರೆ ಉಳುಕು ಬಿಡುತ್ತದಂತೆ. ಬೆಳಿಗ್ಗೆ ಚಹಾ ಸಹ ಕುಡಿಯದೆ, ಎಲೆ ಅಡಿಕೆ ಹಿಡಿದು ಹೋಗಬೇಕು. ಹೋದೆ. ನನಗಿಂತ ಮೊದಲು ಸೊಂಟ ಹಿಡಿದುಕೊಂಡ ಒಬ್ಬರು ಬೋರಲು ಮಲಗಿದ್ದರು. ಆಯಿ ಗೋಡೆ ಹಿಡಿದು, ದೇವರ ಹೆಸರು ಹೇಳಿ, ಜಾಡಿಸಿ ಒದ್ದರು ನೋಡಿ! ಎದ್ದು ಓಡೋಣ ಅಂದರೆ ಓಡುವ ಕಾಲೇ ಕೆಟ್ಟಿತ್ತಲ್ವಾ?

ನನ್ನ ಸರದಿ ಬಂದಾಗ ಆಯಿ ಏದುಸಿರು ಬಿಡುತ್ತಾ ಕೂತೇಬಿಟ್ಟರು. ಸೀರೆ ಸರಿಸಿ ತಮ್ಮ ಮೊಣಕಾಲು ತೋರಿಸಿದರು. ನನ್ನ ಪಾದಕ್ಕಿಂತ ಜಾಸ್ತಿ ಊದಿತ್ತು. "ಇದಕ್ಕ ಯಾರ ಕಡಿಂದ ಒದಿಸಿಕೊಳ್ಳಲೋ ತಮ್ಮಾ? ಈಗಿನ ಕೂಸುಗಳೆಲ್ಲ ಆಪರೇಷನ್‌ದಾಗ ಹುಟ್ತಾವ. ಕಾಲು ಮುಂದೋ ತಲಿ ಮುಂದೋ ಯಾರು ನೋಡ್ತಾರ?" ಕೊನೆಗೆ ನನ್ನ ಮುಲಾಮಿನ ಹೆಸರನ್ನು ಮೊಮ್ಮಗಳ ಹತ್ತಿರ ಬರೆಸಿಕೊಂಡರು. ಎಲೆ ಅಡಿಕೆ ವಾಪಸ್ ಕೊಡಲಿಲ್ಲ.

ಫಿಸಿಯೋಥೆರಪಿಯ ಹುಡುಗಿ ಹೇಳುವುದೇ ಬೇರೆ. ಹೊರಗಿನ ಲಿಗಮೆಂಟು, ಅಂದರೆ ಎಲುಬಿಗೆ ಎಲುಬು ಕಟ್ಟಿಹಿಡಿಯುವ ಪಟ್ಟಿ, ಹಿಗ್ಗಿ ಹರಿದಿದೆ, ಅಲ್ಲಿ ರಕ್ತದ ಓಡಾಟ ಕಡಿಮೆ, ಅದಕ್ಕೇ ಮಾಯುವುದು ತಡ. ಪಾದ ಹೇಗಿದೆ ಅಂತ ಮೆದುಳಿಗೆ ಸುದ್ದಿ ಕೊಡುವ ನರಗಳೂ ಮಂಕಾಗಿರುತ್ತವಂತೆ. ಅವು ಚುರುಕಾಗಬೇಕಾದರೆ ದಿನಾ ಒಂಟಿಕಾಲಲ್ಲಿ ನಿಲ್ಲಬೇಕು. ಊತ ಇಳಿಯಿತು ಅಂತ ಇದನ್ನು ಬಿಟ್ಟವರೇ ಮತ್ತೆ ಉಳುಕಿಸಿಕೊಂಡು ಬರುತ್ತಾರೆ ಅಂತ ಗದರಿಸಿದಳು.

ಸುಮ್ನೆ ನಿಲ್ಲುವುದು ಸುಲಭ ಅಂದುಕೊಳ್ಳಬೇಡಿ. ಕಣ್ಣು ಮುಚ್ಚಿ ನಿಂತು ನೋಡಿ, ಗೊತ್ತಾಗುತ್ತದೆ.

ಮೊನ್ನೆ ಮಾಳಿಗೆ ಮೇಲೆ ಹಾಗೆ ನಿಂತಿದ್ದಾಗ ಪಕ್ಕದ ಮನೆ ಕಾಕಾ "ಹರಕೀ ಏನ್ರೀ?" ಅಂದರು. ಉಳುಕಿನ ಪುರಾಣ ಯಾರಿಗೆ ಬೇಕು, ಹೌದು ಅಂದುಬಿಟ್ಟೆ.

ಯಾವ ದೇವರಿಗೆ ಅಂತ ಕೇಳಿದರು.