ಮತ್ಯೋ ಗುಲಾಬಿ ದಿನನಿತ್ಯದ ಅಂಗಿಗೆ ಇಳಿಯಬೇಕೇ?

ಉತ್ತರ ಹಂಗೇರಿಯ ಮೆಜೋಕೊವೆಶ್ಡ್ ಪಟ್ಟಣ, ಅದರ ನೆರೆಯ ತರ್ಡ್ ಮತ್ತು ಸೆಂತಿಶ್ತ್ವಾನ್ ಹಳ್ಳಿಗಳು ಮತ್ಯೋ ಜನರ ನೆಲೆ. ಅವರ ಕಸೂತಿ 2012ರಲ್ಲಿ ಯುನೆಸ್ಕೋದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿತು. ಮದುವೆ, ಹಬ್ಬ, ಜನಪದ ಕುಣಿತಗಳ ದಿನ ಪೆಟ್ಟಿಗೆಯಿಂದ ಹೊರಬರುತ್ತಿದ್ದ ಆ ಹೂಗಳು ಈಗ ಟಿ-ಶರ್ಟ್, ಜೀನ್ಸ್, ಕೈಚೀಲಗಳ ಮೇಲೂ ಅರಳುತ್ತಿವೆ. ಇದು ಆಗಬೇಕಾದ ಕೆಲಸವೇ?

ಪರ: ಅದು ಮೊದಲಿನಿಂದಲೂ ಮೈಮೇಲಿನ ಬಟ್ಟೆ

ಮತ್ಯೋ ಜನ ಹೇಳುವ ಒಂದು ಕಥೆಯಿದೆ. ಮದುವೆಗೆ ನಿಂತಿದ್ದ ಹುಡುಗನನ್ನು ದೆವ್ವ ಹೊತ್ತೊಯ್ಯಿತು. ಅವನು ಬೇಕಾದರೆ ಬೇಸಿಗೆಯ ಚೆಲುವಾದ ಹೂಗಳನ್ನು ಮಡಿಲ ತುಂಬ ತಂದುಕೊಡು ಎಂದು ಹುಡುಗಿಗೆ ಹೇಳಿತು. ಹೊರಗೆ ನಡುಚಳಿಗಾಲ. ಹೂವೆಲ್ಲಿ ಸಿಕ್ಕೀತು? ಅವಳು ಕೂತು ತನ್ನ ಏಪ್ರನ್ನಿನ ಮೇಲೆಯೇ ಗುಲಾಬಿಗಳನ್ನು ಹೊಲಿದಳು, ಅದನ್ನು ಕಟ್ಟಿಕೊಂಡು ಹೋಗಿ ತನ್ನವನನ್ನು ಬಿಡಿಸಿಕೊಂಡು ಬಂದಳು. ಈ ಕಥೆಯಲ್ಲಿ ನನ್ನ ಕಣ್ಣು ನಿಲ್ಲುವುದು ಏಪ್ರನ್ನಿನ ಮೇಲೆ. ಸೊಂಟಕ್ಕೆ ಕಟ್ಟಿಕೊಳ್ಳುವ ಬಟ್ಟೆ ಅದು. ಗಾಜಿನ ಕಪಾಟಿನಲ್ಲಿಡಲು ಯಾರೂ ಅದನ್ನು ಹೊಲಿಯಲಿಲ್ಲ.

ಈ ಕಸೂತಿ ಒಂದೆಡೆ ನಿಂತದ್ದೂ ಇಲ್ಲ. ಹಳೆಯ ಕೆಲಸ ಹಾಸಿಗೆಯ ಹೊದಿಕೆಗಳ ಅಂಚಿನಲ್ಲಿ ಕೆಂಪು, ನೀಲಿ ದಾರದಲ್ಲಿ ಎಳೆ ಎಣಿಸಿ ಹಾಕಿದ ಸರಳ ವಿನ್ಯಾಸ. ಮೈದುಂಬಿದ ಹೂಗಳು ಬಂದದ್ದು ಕುರಿಯ ತುಪ್ಪಳದ ಕೋಟುಗಳನ್ನು ಹೊಲಿಯುತ್ತಿದ್ದ ಗಂಡಸರ ಕೈಯಿಂದ. ಚರ್ಮದ ಮೇಲಿದ್ದ ಗುಲಾಬಿ, ಟ್ಯುಲಿಪ್‌ಗಳನ್ನು ಹೆಂಗಸರು ಬಟ್ಟೆಗೆ ತಂದರು. ಗಿರಣಿಯ ಕಪ್ಪು ಬಟ್ಟೆ ಬಂದಾಗ ಅದರ ಮೇಲೆ ಹೊಲಿದರು, ಕಾರ್ಖಾನೆಯ ಬಣ್ಣದ ದಾರ ಬಂದಾಗ ಅದರಿಂದ ಹೊಲಿದರು. ಗಂಡಸರೂ ಕಸೂತಿಯ ಉದ್ದನೆಯ ಕಪ್ಪು ಏಪ್ರನ್ ಕಟ್ಟಿಕೊಳ್ಳುತ್ತಿದ್ದರು. ಚರ್ಮದಿಂದ ಗಿರಣಿ ಬಟ್ಟೆಗೆ ಬಂದ ಹೂವಿಗೆ ಹತ್ತಿಯ ಅಂಗಿ ಮೈಲಿಗೆಯಾಗುವುದು ಹೇಗೆ?

ಮೆಜೋಕೊವೆಶ್ಡ್‌ನಲ್ಲಿ ಬಟ್ಟೆಯ ಮೇಲೆ ನಕ್ಷೆ ಹಾಕಿಕೊಡುವವರನ್ನು ‘ಬರೆಯುವ ಹೆಂಗಸು’ ಎನ್ನುತ್ತಾರೆ. ನಾವು ರಂಗೋಲಿ ಬರೆಯುವ ಹಾಗೆ ಅವರು ಹೂ ಬರೆಯುತ್ತಾರೆ. ಇದು ತಿಳಿದ ದಿನದಿಂದ ಆ ಊರು ನನಗೆ ದೂರದ್ದೆನಿಸಿಲ್ಲ. ಅವರಲ್ಲಿ ಬಲು ಹೆಸರಾದವರು ಕಿಶ್ಯಾಂಕೋ ಬೋರಿ. 1876ರಲ್ಲಿ ಹುಟ್ಟಿ 1954ರಲ್ಲಿ ತೀರಿಕೊಂಡ ಈಕೆ ಜೀವಮಾನವಿಡೀ ಹೂ ಬರೆದರು. ‘ನೂರು ಗುಲಾಬಿ’ಯ ವಿನ್ಯಾಸ ಅವರದೆಂದೇ ಪ್ರಸಿದ್ಧ. ಅಜ್ಜಿಯರ ನಕ್ಷೆಯನ್ನು ನಕಲು ಮಾಡುತ್ತ ಕೂತಿದ್ದರೆ ಬೋರಿಯ ಹೆಸರನ್ನು ಇಂದು ಯಾರು ನೆನೆಯುತ್ತಿದ್ದರು?

ಹೊರಗಿನವರಿಗೆ ಮಾರುವುದೂ ಹೊಸದಲ್ಲ. ಹಂಗೇರಿಯನ್ನರು ಆ ನೆಲದಲ್ಲಿ ನೆಲೆಸಿ ಸಾವಿರ ವರ್ಷವಾದ ನೆನಪಿಗೆ 1896ರಲ್ಲಿ ಬುಡಾಪೆಸ್ಟಿನಲ್ಲಿ ನಡೆದ ಸಹಸ್ರಮಾನೋತ್ಸವದ ಪ್ರದರ್ಶನದಲ್ಲಿ ಮತ್ಯೋ ಮನೆಯೊಂದನ್ನು ಕಟ್ಟಿ ತೋರಿಸಿದ್ದರು. ನಗರದ ಜನ ಈ ಬಟ್ಟೆಗಳಿಗೆ ಮರುಳಾದರು. ದೂರದ ಜಮೀನುಗಳಿಗೆ ಕೂಲಿಗೆ ಹೋಗಿ ವರ್ಷ ದೂಡುತ್ತಿದ್ದ ಬಡವರ ಊರು ಅದು. ಸೂಜಿಯ ಕೆಲಸ ಅಲ್ಲಿ ಅನ್ನದ ದಾರಿಯಾಯಿತು. 1951ರಲ್ಲಿ ಅದಕ್ಕೆಂದೇ ಸಹಕಾರ ಸಂಘವೂ ಹುಟ್ಟಿತು. ಇಂದು ಪೂರ್ತಿ ತುಂಬಿದ ಏಪ್ರನ್ ಕೊಳ್ಳುವ ಶಕ್ತಿ ಎಷ್ಟು ಜನರಿಗಿದೆ? ಎದೆಯ ಮೇಲೆ ಅಂಗೈಯಗಲದ ಒಂದು ಗುಲಾಬಿಯಿರುವ ಅಂಗಿಯನ್ನು ಶಾಲೆಯ ಶಿಕ್ಷಕಿಯೂ ಕೊಂಡಾಳು, ಸೋಮವಾರ ಅದನ್ನೇ ತೊಟ್ಟು ಬಸ್ ಹತ್ತಿಯಾಳು. ತರ್ಡ್‌ನ ಹೆಂಗಸೊಬ್ಬಳಿಗೆ ಆ ವಾರದ ಕೆಲಸ ಸಿಕ್ಕಿರುತ್ತದೆ.

ವಿರೋಧ: ಬಟ್ಟೆಯನ್ನೊಮ್ಮೆ ಮಗುಚಿ ನೋಡಿ

ಕೈಯಲ್ಲಿ ಹೊಲಿದ ಹೂವಿನ ಹಿಂಬದಿಯೂ ಹೂವೇ. ಕೆಂಪಿನ ಹಿಂದೆ ಕೆಂಪಿರುತ್ತದೆ, ದಾರ ಮುಗಿದಲ್ಲಿ ಎಳೆಯನ್ನು ಸಿಕ್ಕಿಸಿದ ಗುರುತಿರುತ್ತದೆ. ಅಂಗಡಿಯಲ್ಲಿ ‘ಹಂಗೇರಿಯ ಕಸೂತಿ’ ಎಂದು ನೇತುಹಾಕಿದ ಅಗ್ಗದ ಅಂಗಿಯನ್ನು ಮಗುಚಿ. ಎಲ್ಲ ಬಣ್ಣಗಳ ಹಿಂದೆಯೂ ಒಂದೇ ಬಿಳಿ ದಾರ, ಅದರಡಿ ಮೈಗೆ ಚುಚ್ಚುವ ಕಾಗದದಂಥ ಪದರ. ಅದು ಯಂತ್ರದ ಕೆಲಸ. ಕೈಗೆ ದಿನಗಟ್ಟಲೆ ಹಿಡಿಯುವ ಗುಲಾಬಿಯನ್ನು ಯಂತ್ರ ನಿಮಿಷಗಳಲ್ಲಿ ಮುಗಿಸುತ್ತದೆ. ದಿನನಿತ್ಯದ ಬಟ್ಟೆ ಎಂದೊಡನೆ ಬೆಲೆ ಇಳಿಯಲೇಬೇಕು, ಬೆಲೆ ಇಳಿದೊಡನೆ ಯಂತ್ರ ಬಂದೇ ಬರುತ್ತದೆ. ತರ್ಡ್‌ನ ಹೆಂಗಸಿಗೆ ಕೆಲಸ ಸಿಗುತ್ತದೆ ಎಂಬ ಮಾತು ಈ ಲೆಕ್ಕದ ಮುಂದೆ ನಿಲ್ಲುವುದಿಲ್ಲ.

ಬಡತನ ನಿಜ. ಅದರ ಇನ್ನೊಂದು ಮುಖವನ್ನೂ ಹೇಳಬೇಕು. ‘ಹೊಟ್ಟೆ ಗುರುಗುಟ್ಟಿದರೂ ಸರಿ, ಬಟ್ಟೆ ಮಿರುಗಲಿ’ ಎಂಬುದು ಮತ್ಯೋ ಜನರದೇ ಗಾದೆ. ಅಂಗಡಿಯ ಥಳುಕಿನ ಜರಿ ಅಂಚುಗಳಿಗೆ ಅವರು ಎಷ್ಟು ಹಣ ಸುರಿದರೆಂದರೆ, 1920ರ ದಶಕದಲ್ಲಿ ಪಾದ್ರಿಗಳು ಅವನ್ನು ಕೀಳಿಸಿ ಸುಡಿಸಿದರು. ಮಾರುಕಟ್ಟೆಯ ಮಿರುಗಿಗೆ ಆ ಊರು ಒಮ್ಮೆ ತೆತ್ತಿದೆ.

ನನಗೆ ಹೆಚ್ಚು ನೋವಾಗುವುದು ಬೇರೊಂದು ಕಾರಣಕ್ಕೆ. ಈ ಬಟ್ಟೆಗಳನ್ನು ಜನ ನೋಡುತ್ತಿದ್ದರಷ್ಟೇ ಅಲ್ಲ, ಓದುತ್ತಿದ್ದರು. ಎಳೆಯರಿಗೆ ಉರಿಗೆಂಪು, ವಯಸ್ಸೇರಿದಂತೆ ಬಣ್ಣ ಕಪ್ಪಿಡುತ್ತಿತ್ತು. ತಲೆಗೆ ಕಟ್ಟಿದ ವಸ್ತ್ರ ನೋಡಿದರೆ ಮದುವೆಯಾದವಳೋ ಅಲ್ಲವೋ ತಿಳಿಯುತ್ತಿತ್ತು. ಕಪ್ಪು ಎಂದರೆ ಮಣ್ಣು, ಕೆಂಪು ಎಂದರೆ ಸಂತೋಷ ಎನ್ನುತ್ತಾರೆ ಅಲ್ಲಿಯವರು. ಮೊದಲ ಮಹಾಯುದ್ಧದಲ್ಲಿ ಗಂಡುಮಕ್ಕಳು ಸತ್ತ ಮೇಲೆ ಹಸಿರು ದಾರ ಶೋಕದ ಬಣ್ಣವಾಗಿ ಬಂತು ಎಂದೂ ಹೇಳುತ್ತಾರೆ. ಟಿ-ಶರ್ಟಿನ ಮೇಲಿನ ಗುಲಾಬಿಗೂ ಹಸಿರು ಇರುತ್ತದೆ. ಅದು ಎಲೆ, ಅಷ್ಟೇ. ಮಗನನ್ನು ಕಳೆದುಕೊಂಡ ತಾಯಿ ಅಲ್ಲಿಲ್ಲ.

ವಿನ್ಯಾಸ ಬದಲಾಗುತ್ತಲೇ ಬಂದಿದೆ ಎಂಬುದನ್ನು ಒಪ್ಪುತ್ತೇನೆ. ಆದರೆ ಬದಲಿಸಿದವರು ಯಾರು? ಬೋರಿ ಹೊಸ ಹೂ ಬರೆದದ್ದು ತನ್ನ ಬೀದಿಯ ಹುಡುಗಿಯರಿಗೆ, ಯಾರ ಮದುವೆ ಯಾವಾಗ ಎಂದು ಬಲ್ಲವಳಾಗಿ. ಇಂದು ನಕ್ಷೆಯನ್ನು ಆರಿಸುವುದು ಬಹುಪಾಲು ಕೊಳ್ಳುವವರ ಕಣ್ಣು. ಆ ಕಣ್ಣಿಗೆ ತರ್ಡ್‌ನ ಹಳೆಯ ಎಣಿಕೆಯ ಕೆಲಸ ಬೇಡ, ಸೆಂತಿಶ್ತ್ವಾನ್‌ನ ಪುಟ್ಟ ಹೂಗಳೂ ಬೇಡ. ಬೇಕಾದದ್ದು ದೊಡ್ಡ ಕೆಂಪು ಗುಲಾಬಿಯೊಂದೇ. ಮೂರು ಊರುಗಳ ಕೈಗಳು ಅದೊಂದನ್ನೇ ಹೊಲಿಯತೊಡಗಿದರೆ ಉಳಿದ ಹೊಲಿಗೆಗಳನ್ನು ಕಲಿಸುವವರು ಇನ್ನೊಂದು ತಲೆಮಾರಿಗೆ ಸಿಗುವುದಿಲ್ಲ. ಆ ಶಿಕ್ಷಕಿಗೆ ಅಂಗಿಯ ಬದಲು ಒಂದು ಸೂಜಿ ಕೊಡಿ, ಒಂದು ಮೊಳ ಕಪ್ಪು ಬಟ್ಟೆ ಕೊಡಿ, ಒಂದು ಚಳಿಗಾಲ ತರ್ಡ್‌ನ ಮುದುಕಿಯೊಬ್ಬಳ ಪಕ್ಕದಲ್ಲಿ ಕೂರಿಸಿ. ಅವಳು ಹೊಲಿದ ಮೊದಲ ಎಸಳು ಸೊಟ್ಟಗಿದ್ದರೂ ಅದರ ಹಿಂಬದಿ ಕೆಂಪಗಿರುತ್ತದೆ.