ಅಜ್ಜಿಯ ಪುಟ್ಟ ಟೀಪಾಟು

ಆಫೀಸ್ ಕೆಲಸದ ಮೇಲೆ ಒಂದು ಜೂನ್ ತಿಂಗಳು ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿದ್ದೆ. ಒಬ್ಬ ಅಜ್ಜಿಯ ಮನೆಯಲ್ಲಿ ರೂಮು. ನನಗೆ ಬರುತ್ತಿದ್ದದ್ದು ಮೂರೇ ರಷ್ಯನ್ ಪದ. ದಾ, ನ್ಯೆತ್, ಸ್ಪಸೀಬ. ಹೌದು, ಇಲ್ಲ, ಥ್ಯಾಂಕ್ಸ್. ಇದರಲ್ಲಿ ನ್ಯೆತ್ ಅನ್ನೋದು ಬಾಯಿಗೇ ಬರುತ್ತಿರಲಿಲ್ಲ. ಅಜ್ಜಿ ಪ್ರೀತಿಯಿಂದ ಬಡಿಸುವಾಗ ಬೇಡ ಅನ್ನೋದು ಹೇಗೆ?

ಮೊದಲ ದಿನ ಫ್ರಿಜ್‌ನಲ್ಲಿ ಬಿಳಿ ಡಬ್ಬಿ ಕಂಡಿತು. ಕೇಳಿದೆ, ಅಜ್ಜಿ ತಗೋ ಅಂತ ಕೈ ಮಾಡಿದರು. ಮೊಸರು ಸಿಕ್ಕಿತಲ್ಲ ಅಂತ ಅನ್ನ ಮಾಡಿ, ಅರ್ಧ ಡಬ್ಬಿ ಸುರಿದು, ಊರಿಂದ ತಂದ ಮಾವಿನ ಮಿಡಿ ಇಟ್ಟುಕೊಂಡು ಕೂತೆ. ನಾಲ್ಕನೇ ತುತ್ತಿಗೆ ಗಂಟಲು ಕಟ್ಟಿತು. ಅದು ಸ್ಮೆತಾನ, ಅಂದರೆ ಹುಳಿ ಬರಿಸಿದ ಕೆನೆ. ಸೂಪಿನ ಮೇಲೆ ಒಂದು ಚಮಚ ಹಾಕಿಕೊಳ್ಳುವಂಥದ್ದು. ಡಬ್ಬಿಯ ಮೇಲೆ 20% ಅಂತ ದೊಡ್ಡದಾಗಿ ಬರೆದಿತ್ತು. ಅದು ಕೊಬ್ಬಿನ ಲೆಕ್ಕ. ನಾನು ಡಿಸ್ಕೌಂಟ್ ಅಂದುಕೊಂಡಿದ್ದೆ.

ಆಮೇಲೆ ಕ್ವಾಸ್. ಬೀದಿ ಮೂಲೆಯಲ್ಲಿ ಚಕ್ರದ ಮೇಲೆ ಹಳದಿ ಟ್ಯಾಂಕು, ಮುಂದೆ ಕ್ಯೂ. ನಮ್ಮ ನೀರಿನ ಟ್ಯಾಂಕರ್‌ನ ಮರಿ ಇದ್ದ ಹಾಗಿತ್ತು. ರೈ ಅನ್ನೋ ಧಾನ್ಯದ ಬ್ರೆಡ್ ನೆನೆಸಿ ಹುಳಿ ಬರಿಸಿದ ಪಾನೀಯ ಅದು. ಮಕ್ಕಳೂ ಕುಡಿಯುತ್ತಾರೆ. ಅಂಬಲಿ ಕುಡಿದು ಬೆಳೆದ ನನಗೆ ಸಲೀಸಾಗಿಯೇ ಇಳಿಯಿತು. ಆದರೆ ಸಂಜೆ ಅಜ್ಜಿ ಸೌತೆಕಾಯಿ, ಮೂಲಂಗಿ, ಆಲೂಗಡ್ಡೆ, ಮೊಟ್ಟೆ ಎಲ್ಲ ಹೆಚ್ಚಿ, ಅದರ ಮೇಲೆ ಇದೇ ಕ್ವಾಸ್ ಸುರಿದರು. ಕೋಸಂಬರಿಗೆ ಪೆಪ್ಸಿ ಹೊಯ್ದ ಹಾಗೆ! ಇದಕ್ಕೆ ಅಕ್ರೋಶ್ಕ ಅಂತ ಹೆಸರು. ನಾನು ಮಾಂಸ ತಿನ್ನಲ್ಲ ಅಂತ ಫೋನಿನಲ್ಲಿ ಅನುವಾದ ಮಾಡಿ ತೋರಿಸಿದೆ. ಅಜ್ಜಿ ಕನ್ನಡಕ ಹಾಕಿಕೊಂಡು ಓದಿದರು. ತಲೆಯಾಡಿಸಿ, ನನ್ನ ಬಟ್ಟಲಿನಿಂದ ಸಾಸೇಜಿನ ದೊಡ್ಡ ತುಂಡುಗಳನ್ನು ಮಾತ್ರ ಆರಿಸಿ ತೆಗೆದರು. ಚಿಕ್ಕವು ಲೆಕ್ಕಕ್ಕಿಲ್ಲ.

ಅವತ್ತು ನನ್ನನ್ನು ಉಳಿಸಿದ್ದು ಬೊರೊದಿನ್ಸ್ಕಿ ಅನ್ನೋ ಕಪ್ಪು ಬ್ರೆಡ್. ಮೇಲೆ ಕೊತ್ತಂಬರಿ ಬೀಜ! ಮೂಸಿದರೆ ಸಾರಿನ ಪುಡಿಯ ಡಬ್ಬಿ ತೆಗೆದ ಹಾಗಾಯಿತು.

ಊಟ ಮುಗಿದ ಮೇಲೆ ಅಜ್ಜಿ "ಚಾಯ್?" ಅಂದರು. ಟೀಗೆ ಅಲ್ಲೂ ಚಾಯ್ ಅಂತಲೇ ಅನ್ನುತ್ತಾರೆ. ಕೊನೆಗೂ ಗೊತ್ತಿರೋ ಪದ! ಜೋರಾಗಿ ದಾ ಅಂದೆ. ಅಜ್ಜಿ ಒಂದು ಪುಟ್ಟ ಟೀಪಾಟು ಇಟ್ಟು, ಚೆರ್ರಿ ಜಾಮ್ ತರಲು ಒಳಗೆ ಹೋದರು. ಕಾಯುತ್ತಾ ಕೂರೋದು ಯಾಕೆ ಅಂತ ನಾನು ದೊಡ್ಡ ಮಗ್ ತುಂಬ ಬಗ್ಗಿಸಿಕೊಂಡೆ. ಪಾಟು ಖಾಲಿ. ಬಣ್ಣ ಸ್ವಲ್ಪ ಕಪ್ಪಗಿತ್ತು. ಹಾಗಲಕಾಯಿಯೂ ನಾಚುವಷ್ಟು ಕಹಿ. ಅವರ ಪದ್ಧತಿ ಹೀಗೇ ಇರಬೇಕು ಅಂತ ಕಣ್ಣು ಮುಚ್ಚಿ ಕುಡಿದುಬಿಟ್ಟೆ.

ಅದು ಟೀ ಅಲ್ಲ, ಜವಾರ್ಕ. ತಳದಲ್ಲಿ ಚೂರು ಹಾಕಿಕೊಂಡು, ಮೇಲೆ ಬಿಸಿನೀರು ತುಂಬಿಸಿಕೊಳ್ಳಬೇಕು. ಅಂದರೆ ಡಿಕಾಕ್ಷನ್! ಹುಟ್ಟಿದಾಗಿನಿಂದ ಫಿಲ್ಟರ್ ಕಾಫಿ ಮನೆಯಲ್ಲಿ ಬೆಳೆದವನು ನಾನು. ಡಿಕಾಕ್ಷನ್ ಅನ್ನು ಹಾಗೇ ಲೋಟಕ್ಕೆ ಬಗ್ಗಿಸಿಕೊಂಡು ಕುಡಿಯುವವನನ್ನು ನಮ್ಮಮ್ಮ ಮನೆಯೊಳಗೆ ಸೇರಿಸುತ್ತಿದ್ದಳಾ?

ಹಾಸಿಗೆಗೆ ಹೋದೆ. ನಿದ್ದೆ ಎಲ್ಲಿಂದ ಬರಬೇಕು? ಎದೆ ತಮಟೆ ಬಾರಿಸುತ್ತಿತ್ತು. ಸಾಲದ್ದಕ್ಕೆ ಪೀಟರ್ಸ್‌ಬರ್ಗ್‌ನಲ್ಲಿ ಜೂನ್ ಅಂದರೆ ಬಿಳಿ ರಾತ್ರಿಗಳ ಕಾಲ. ಸೂರ್ಯ ಮುಳುಗುವುದೇ 10 ಗಂಟೆ ದಾಟಿದ ಮೇಲೆ, ಆಮೇಲೂ ಪೂರ್ತಿ ಕತ್ತಲಾಗೋದಿಲ್ಲ. ರಾತ್ರಿ ಒಂದಕ್ಕೆ ಶೂ ಪಾಲಿಶ್ ಮಾಡಿದೆ. ಎರಡಕ್ಕೆ ಇದ್ದಬದ್ದ ಶರ್ಟಿಗೆಲ್ಲ ಇಸ್ತ್ರಿ ಹಾಕಿದೆ. ಮೂರಕ್ಕೆ ಅಜ್ಜಿ ಸದ್ದು ಕೇಳಿ ಎದ್ದು ಬಂದರು. ನನ್ನನ್ನು ನೋಡಿದರು. ಟೀಪಾಟಿನ ಮುಚ್ಚಳ ತೆಗೆದು ನೋಡಿದರು. ಮತ್ತೆ ನನ್ನನ್ನು ನೋಡಿದರು. ಆಮೇಲೆ ಕುರ್ಚಿ ಎಳೆದುಕೊಂಡು ಕೂತು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು.

ಬೆಳಿಗ್ಗೆ ಯಾರಿಗೆಲ್ಲ ಫೋನ್ ಮಾಡಿದರೋ ಏನೋ. ಸಂಜೆ ಮೆಟ್ಟಿಲ ಮೇಲೆ ಸಿಕ್ಕ ಪಕ್ಕದ ಮನೆಯಾತ, ಇದುವರೆಗೂ ಒಮ್ಮೆಯೂ ನಗದವರು, ಹಲ್ಲು ಕಿರಿದು "ಚಾಯ್?" ಅಂದರು.

"ನ್ಯೆತ್!" ಅಂದೆ. ಉಚ್ಚಾರಣೆ ಚೆನ್ನಾಗಿತ್ತಂತೆ.